ತುಪ್ಪದ ಬಣ್ಣದ ಚಂದ್ರ

ಕೊಳ್ಳೇಗಾಲದ ಕಣ್ಣಾಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಸತ್ತೇಗಾಲದ ಪುಟ್ಟಮಾದಯ್ಯನ ಕಿವಿ ಪಕ್ಕದ ಬೆಂಚಿನ ಮಾತಿನ ಮೇಲೇ ಇತ್ತು. ಅಲ್ಲಿ ದೊಡ್ಡಬಸಮ್ಮ ಮೊಮ್ಮಗಳ ಜೊತೆ ಹಟಕ್ಕೆ ಬಿದ್ದಿದ್ದರು.

“ಇನ್ನೊಂದು ಕಣ್ಗೆ ಆಪ್ರೇಸನ್ ಬ್ಯಾಡ ಕಣಮ್ಮಿ. ಮಾಡಿಸ್ಕಂಡ ಕಣ್ಣಲ್ಲಿ ಚಂದ್ರ ಈಬೂತಿ ಗಟ್ಟಿಯಂಗೆ ಬೆಳ್ಳಗವ್ನೆ. ಅಳೇ ಕಣ್ಣಲ್ಲಿ ತುಪ್ಪದಂಗೆ ಎಷ್ಟು ಚೆಂದಾಗವ್ನೆ!”

“ಹಳೇ ಕಣ್ಣಲ್ಲಿ ಪೊರೆ ಹಳದಿಯಾಗ್ಬುಟ್ಟದೆ ಕಣಜ್ಜಿ. ತುಪ್ಪ ಇರೋದು ಅದ್ರಲ್ಲಿ, ಚಂದ್ರನಲ್ಲಲ್ಲ.”

“ನೀನೇನು ಓಗಿ ಕಂಡಿದ್ದೀಯಾ?”

“ಅಲ್ಲಿಂದ ಬರೋ ಬೆಳಕ್ನ ಬಣ್ಣ ಬಣ್ಣವಾಗಿ ಬಿಡಿಸಿ, ಅಲ್ಲಿ ಯಾವ ಕಲ್ಲು ಅದೆ ಅಂತ ಗುರ್ತು ಹಿಡಿಯೋದೇ ನನ್ನ ಓದು ಅಲ್ವಾ? ಬೆಳಕು ಬಿಡಿಸೋ ನಮ್ಮ ಮಿಷಿನ್ನಿಗೂ ನಿನ್ನ ಪೊರೆಯಂಗೆ ಅದರದೇ ಒಂದು ಬಣ್ಣ ಇರ್ತದೆ. ಮೊದ್ಲು ಅದನ್ನ ಕಳೀಬೇಕು. ಆಮೇಲೆ ಉಳಿಯೋದೇ ಚಂದ್ರನ ಬಣ್ಣ.”

“ಅಂಗಾರೆ ನಾನು ಇಷ್ಟು ದಿನ ನೋಡಿದ್ದೆಲ್ಲಾ ಸುಳ್ಳಾ?”

ಅಷ್ಟರಲ್ಲಿ ನರ್ಸ್ ಅಜ್ಜಿಯ ಹೆಸರು ಕೂಗಿದಳು. ದೊಡ್ಡಬಸಮ್ಮ ಎದ್ದವರು, ಆಪರೇಷನ್ ಆಗಿ ವಾಸಿಯಾದ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮೊಮ್ಮಗಳ ಮುಖವನ್ನೇ ನೋಡುತ್ತಾ ನಿಂತರು.

“ಯಾಕಜ್ಜಿ, ನಡಿ. ಕರೀತಾವ್ರೆ.”

“ಚಂದ್ರ ಬೆಳ್ಳಗೇ ಇರ್ಲಿ ಬುಡು. ಈ ಕಣ್ಣಲ್ಲಿ ನೀನು ಬಂಗಾರದಂಗೆ ಕಾಣ್ತೀಯ ಕೂಸೇ. ಅದೊಂದು ನೋಡ್ಕಂಡು ಒಳಕ್ಕೋಯ್ತೀನಿ.”