ನನ್ನಾಣಿ, ಇನ್ನೊಂದು ಹೋಳಗಿ

...ತಗಿ, ಆ ಕೈ ತಗಿ ಮೊದಲ! ತಮ್ಮ ಸಾಕು ಅಂದ್ನಿಲ್ಲೋ? ಸಾಕು ಅಂದ ಮ್ಯಾಲ ಮತ್ತ 'ನನ್ನಾಣಿ, ತಿನ್ನು' ಅಂತ ಯಾಕ ಅವನ ತಾಟಿನ್ಯಾಗ ಶಂಕರಪಾಳಿ ಸುರುವಾಕತ್ತಿ? ಯಾರು ಕಲಿಸ್ಯಾರ ನಿನಗ? ಹೂಂ, ಯಾರೂ ಕಲಿಸಿಲ್ಲ, ಮನ್ಯಾಗ ನೋಡಿ ಕಲ್ತಿ. ಕುಂದರ್ರಿ ಇಬ್ರೂ ಈ ಕಟ್ಟಿ ಮ್ಯಾಲ. ಈ ಆಣಿ ನಮ್ಮ ಮನಿಗೆ ಹೆಂಗ ಬಂತು, ನಿಮ್ಮಪ್ಪನ ಕಾಲಿನ ಬೆರಳ ತನಕ ಹೆಂಗ ಹೋತು, ನಿಮ್ಮ ಆಯಿ ಬಾಯಿಂದ ಕೇಳ್ರಿ.

ನಾ ಬೋರಾಮಣಿ ಊರಿನಾಕಿ, ಕುರಿ ಕಾಯೋರ ಮಗಳು. ದಿನಾ ಕುರಿ ಹಿಂದ ಮಾಳದಾಗ ಅಡ್ಡಾಡೋದು, ಸೆರಗಿನ್ಯಾಗ ಕಟಕ ಭಾಕರಿ, ಶೇಂಗಾ ಹಿಂಡಿ, ಮುಗೀತು. ಸೊಲ್ಲಾಪುರಕ್ಕ ಲಗ್ನಾ ಮಾಡಿ ಕೊಟ್ರು. ನಿಮ್ಮ ಮುತ್ಯಾ ನವಿ ಪೇಠದಾಗ ಅರಿವಿ ಅಂಗಡ್ಯಾಗ ಇದ್ರು... ಇಲ್ಲಿಲ್ಲ, ತಡೀರಿ, ಲಗ್ನದಾಗ ಟಾವೆಲ್ ಮಗ್ಗದ ಕೆಲಸಾ ಇತ್ತು, ಅರಿವಿ ಅಂಗಡಿ ಆಮ್ಯಾಲ. ಮಗ್ಗದಾಗ ಇದ್ದಾಗ ದಿನಾಪೂರ್ತಿ ನಿಂತು, ಓಡ್ಯಾಡಿ, ಮೈ ಕಡ್ಡಿ ಆಗಿತ್ತು. ಅಂಗಡಿಗೆ ಹೋದ್ರು, ಗಾದಿ ಮ್ಯಾಲ ಕುಂತ್ರು. ಗಿರಾಕಿ ಬಂತು, ಚಾ. ಗಿರಾಕಿ ಹೋತು, ಮತ್ತ ಚಾ, ಜೋಡಿಗೆ ಭಜಿ. ನಾ ಇಲ್ಲಿ ಬೀಡಿ ಕಟ್ಟಾಕ ಕುಂತೆ ಅಂದ್ರ ಮಡಚಿದ ಕಾಲು ಮಡಚಿದಂಗ. ಇಬ್ರಿಗೂ ಹೊಟ್ಟಿ ಬಂತು. ಮಂದಿ ಏನಂದ್ರು ಗೊತ್ತೈತೇನು? 'ಖಾತ್ಯಾ-ಪಿತ್ಯಾ ಮನಿಯವರು ನೋಡ್ರಿ!' ಉಂಡು ತಿಂದು ಸುಖದಾಗ ಇರೋ ಮನಿ ಅಂತ. ನಮಗೂ ಕೋಡು ಮೂಡ್ತು.

ಇನ್ನ ನಮ್ಮತ್ತಿ, ಅಂದ್ರ ಮುತ್ಯಾನ ಅವ್ವ. ಬರಗಾಲದಾಗ ರಸ್ತಾ ಕೆಲಸಕ್ಕ ಹೋಗಿ ಕಲ್ಲು ಒಡದಾಕಿ, ರೇಶನ್ನಿನ ಕೆಂಪು ಮಿಲೋ ಜ್ವಾಳ ತಿಂದು ದಿನಾ ದೂಡಿದಾಕಿ. ಮಕ್ಕಳಿಗೆ ಬರೇ ನೀರು ಕುಡಿಸಿ ಮಲಗಿಸಿದ್ಲಂತ. ಅವತ್ತ ಮನಸಿನ್ಯಾಗ ಗಟ್ಟಿ ಮಾಡಿದ್ಲು, ಇನ್ಮ್ಯಾಲ ನನ್ನ ಮನ್ಯಾಗ ಯಾರೂ ಅರ್ಧಾ ಹೊಟ್ಟಿಲೆ ಏಳಬಾರದು. ಉಣ್ಣಾಕ ಕುಂತ್ರ ಮುಗೀತು. 'ಇನ್ನೊಂದು ಹೋಳಗಿ!' 'ಬ್ಯಾಡವ್ವಾ.' 'ನನ್ನಾಣಿ!' ಆಣಿ ಮುರಿದ್ರ ಹಾಕಿದಾಕಿಗೆ ಕೇಡು ಅಂತಾರ, ಹಡದವ್ವಗ ಯಾರು ಕೇಡು ಬಯಸ್ತಾರ? ತಿನ್ನೋದ. ಹುಡುಗರು ಬಿಟ್ಟಿದ್ದು ಚೆಲ್ಲಬಾರದು ಅಂತ ಅದು ನನ್ನ ಹೊಟ್ಟಿಗೆ. ಅಕಿನ್ನ ಬೈಬ್ಯಾಡ್ರಿ ಮತ್ತ. ಹಸಿವಿ ಕಂಡ ಜೀವ ಅದು, ಅಕಿ ನೆನಪಾದ್ರ ಈಗೂ ನನ್ನ ಕಣ್ಣಾಗ ನೀರು ಬರ್ತಾವ.

ಮುಂದ ಮುತ್ಯಾಗ ಶುಗರ್ ಬಂತು, ಅದರಾಗ ಹೋದ್ರು. ಆಮ್ಯಾಲ ನಿಮ್ಮಪ್ಪ ಬೀರಣ್ಣಗ ಬಂತು. ಏನರ ಅಂದ್ರ, 'ನಮ್ಮ ರಕ್ತದಾಗ ಐತಿ ಅವ್ವಾ, ಅದಕ್ಕ ಯಾರೇನ ಮಾಡಾಕ ಬರ್ತದ?' ಅನ್ನೋದು, ಜಿಲೇಬಿ ಬಾಯಿಗೆ ಹಾಕ್ಕೋಳೋದು. ಒಂದಿನ ಚಪ್ಪಲಿ ಕಚ್ಚಿ ಬೆರಳಿಗೆ ಗಾಯ ಆತು, ಮಾಯಲೇ ಇಲ್ಲ, ಕಪ್ಪಗಾಗಾಕತ್ತು. ಡಾಕ್ಟರ್ ಬಾಯಿ ಖಡಕ್ ಆಗಿ ಹೇಳಿದ್ಲು, 'ಶುಗರ್ ಕಮ್ಮಿ ಆಗಲಿಲ್ಲಂದ್ರ ಬೆರಳು ತಗೀಬೇಕಾಗ್ತದ. ಮನ್ಯಾಗಿನವರೆಲ್ಲಾ ತಪಾಸ ಮಾಡಿಸ್ರಿ.' ಮಾಡಿಸಿದ್ರ, ನನಗೂ ಶುಗರ್! ನಾ ಜಗಳಕ್ಕ ನಿಂತೆ. 'ಅದ್ಹೆಂಗ ಬರ್ತದ ಬಾಯೀ? ನಾ ಈ ಮನಿ ರಕ್ತದಾಕಿ ಅಲ್ಲ! ನಮ್ಮಣ್ಣ ಬೋರಾಮಣ್ಯಾಗ ಇನ್ನೂ ಕುರಿ ಹಿಂದ ಅಡ್ಡಾಡ್ತಾನ, ಅವಂಗ ಏನೂ ಇಲ್ಲ!' ಅಕಿ ನಕ್ಕಳು. 'ರಕ್ತದ್ದೂ ಪಾಲೈತಿ ಆಯಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಿಮ್ಮೆಲ್ಲಾರದೂ ಒಲಿ ಒಂದ, ಕುಂದ್ರೋ ರೂಢಿನೂ ಒಂದ. ರಕ್ತಾ ಬದಲಿ ಮಾಡಾಕ ನನಗ ಬರಂಗಿಲ್ಲ. ಒಲಿ ನಿಮ್ಮ ಕೈಯಾಗ ಐತಿ.' ಆ ಮಾತು ನನಗ ನಟ್ಟಿತು ನೋಡ್ರಿ. ಅಲ್ಲಿಂದ ಮನ್ಯಾಗ ಚಾದಾಗ ಸಕ್ಕರಿ ಬಂದ್, ಜ್ವಾಳದ ಭಾಕರಿ, ಪಲ್ಲೆ ಹೆಚ್ಚು. ನಿಮ್ಮಪ್ಪ ಮಾರಿ ಗಂಟ ಹಾಕ್ಕೊಂಡು ಉಣ್ಣತಿದ್ದ. ಹಾಕ್ಕೋಳಲಿ ಅಂದೆ.

ಅಷ್ಟರಾಗ ಅಕ್ಕಲಕೋಟ್ಯಾಗ ಶಾಂತಾಬಾಯಿ, ಮುತ್ಯಾನ ತಂಗಿ, ಅಕಿ ಮೊಮ್ಮಗಳಿಗೆ ತೊಟ್ಟಲಾ ಹಾಕೋ ಕಾರ್ಯ ಬಂತು. ಪಂಗತಿ ಕುಂತೈತಿ, ಹೋಳಗಿ ಬುಟ್ಟಿ ಹಿಡಕೊಂಡು ಶಾಂತಾ ಬಂದ್ಲು, ಹಿಂದ ಸೊಸಿ ಕೈಯಾಗ ತುಪ್ಪದ ತಂಬಗಿ. 'ಬೀರಾ, ತಗೋ!' 'ಬ್ಯಾಡ ಅತ್ತಿ, ಡಾಕ್ಟರ್ ಬ್ಯಾಡ ಅಂದಾರ.' 'ನಮ್ಮ ಮನಿತನದ ರಕ್ತ ಇದು, ಒಂದು ಹೋಳಗಿ ಬಿಟ್ರ ಹೋಗ್ತದೇನು? ನನ್ನಾಣಿ!' ನಿಮ್ಮಪ್ಪ ಸಣ್ಣ ಹುಡುಗನಂಗ ನನ್ನ ಮಾರಿ ನೋಡಿದ. ನಾ ಎದ್ದು ಅವನ ತಾಟಿನ ಮ್ಯಾಲ ಅಂಗೈ ಇಟ್ಟೆ. ಬಿಸಿ ತುಪ್ಪ ಕೈ ಮ್ಯಾಲ ಬಿತ್ತು, ಆದ್ರೂ ಕೈ ತಗೀಲಿಲ್ಲ. 'ಶಾಂತಾ, ಇವ ಇದನ್ನ ತಿಂದ್ರ ಇವಂಗ ನನ್ನಾಣಿ!' ಶಾಂತಾ ನನ್ನ, ಅಣ್ಣನ ಹೆಂಡತಿನ್ನ, ಕೆಕ್ಕರಿಸಿ ನೋಡಿದ್ಲು. 'ವೈನಿ, ಹಡದಾಕಿ ಆಗಿ ಮಗನ ಬಾಯಾಗಿಂದು ಕಸಗೋತೀರಿ?' 'ಹೂಂ, ಕಸಗೋತೀನಿ. ಅವನ ಬೆರಳು ಮಾತ್ರ ಕೊಡಂಗಿಲ್ಲ!'

ಶಾಂತಾ ಬುಟ್ಟಿ ಅಲ್ಲೇ ಕುಕ್ಕಿ ಒಳಗ ಹೋದ್ಲು. ಸಂಬಂಧ ಮುರೀತು ಅಂತ ಎಲ್ಲಾರೂ ನನ್ನ ಬೈದ್ರು. ಸಂಜೀಕ ಎಸ್ಟಿ ಬಸ್ಸು ಹತ್ತೋ ಹೊತ್ತಿಗೆ ಅಕಿನ ಬಂದು ನನ್ನ ಸುಟ್ಟ ಕೈ ಹಿಡದ್ಲು. 'ವೈನಿ, ನನ್ನ ಅಂಗಾಲೂ ಉರಿತಾವ. ಅಂಜಿ ಯಾರಿಗೂ ಹೇಳಿಲ್ಲ.' 'ಚೀಲಾ ತಗೊಂಡು ಬಾ, ನಡಿ ಸೊಲ್ಲಾಪುರಕ್ಕ' ಅಂದೆ. ಕರಕೊಂಡ ಬಂದು ಅದ ಡಾಕ್ಟರ್ ಮುಂದ ಕುಂದರಿಸಿದೆ.

ನಿಮ್ಮಪ್ಪನ ಬೆರಳು ಉಳೀತು. ಗುಳಿಗಿನೂ ನುಂಗ್ಯಾನ, ಸುಳ್ಳು ಯಾಕ ಹೇಳಲಿ, ಬರೇ ಹೋಳಗಿ ಬಿಟ್ಟಿದ್ದಕ್ಕಲ್ಲ. ನೀವೂ ಇದ ರಕ್ತ, ಇದ ಒಲಿ ಮುಂದ ಬೆಳ್ಯಾಕತ್ತೀರಿ. ಅದಕ್ಕ ಹೇಳ್ತೀನಿ, ಸಾಕು ಅಂದವರ ತಾಟಿಗೆ ಮತ್ತ ಸುರಿಯೋದು ಮಾಯಾ-ಪ್ರೀತಿ ಅಲ್ಲ. ಏಳ್ರಿ, ಚಪ್ಪಲಿ ಹಾಕ್ಕೋರಿ, ನನ್ನ ಜೋಡಿ ಅಡ್ಡಾಡಾಕ ನಡೀರಿ. ಏನಂದಿ, ಕಾಲು ನೋಯ್ತಾವ? ಏಳು ಏಳು, ನನ್ನಾಣಿ!