ಇಬ್ಬರು ತುಳಿಯುವ ದೋಣಿ

ನದಿ ಉದ್ಯಾನದ ದೋಣಿಕಟ್ಟೆಯಲ್ಲಿ ಲೈಫ್ ಜಾಕೆಟ್ ತೊಡಿಸುವ ಹೆಂಗಸಿಗೆ ಸಾಲಿನಲ್ಲಿ ನಿಂತವರ ಜಗಳ ಕೇಳಿ ಕೇಳಿ ಸಾಕಾಗಿತ್ತು. ಆದರೂ ಕೋಲೂರಿಕೊಂಡು ಬಂದ ಯಜಮಾನರೂ ಅವರ ಹೆಂಡತಿಯೂ ಮಾತಿಗಿಳಿದಾಗ, ಜಾಕೆಟ್ಟಿನ ಪಟ್ಟಿ ಬಿಗಿಯುವ ನೆಪದಲ್ಲಿ ಕಿವಿಯನ್ನು ಅತ್ತಲೇ ಇಟ್ಟಳು.

"ಮಂಡಿ ಆಪರೇಷನ್ ಆದ್ಮೇಲೂ ಪೆಡಲ್ ದೋಣಿ ಬೇಕೇನೇ?" ಎಂದರು ಯಜಮಾನರು.

"ಕಾಲು ಆಡಿಸ್ತಾ ಇರಿ ಅಂತ ಡಾಕ್ಟ್ರೇ ಹೇಳಿಲ್ವಾ? ಮನೇಲಾದ್ರೆ ಕುರ್ಚಿಗೆ ಅಂಟ್ಕೊಂಡಿರ್ತೀರಿ."

"ನಡುನೀರಲ್ಲಿ ದೋಣಿ ನಿಂತ್ರೆ?"

"ಯಾಕ್ರೀ ನಿಲ್ಲುತ್ತೆ? ನಾನು ತುಳೀತೀನಲ್ಲ."

"ನೀನಾ? ಆ ಬಿದಿರು ಮೆಳೆ ತಲುಪೋ ಹೊತ್ತಿಗೆ ಸಂಜೆ ಆಗಿರುತ್ತೆ, ಬಿಡು."

"ನೀವು ಸುಮ್ನೆ ಪೆಡಲ್ ಮೇಲೆ ಕಾಲಿಡಿ, ಸಾಕು. ಎರಡೂ ಕಡೆಗೆ ಇರೋದು ಒಂದೇ ಸರಳು. ನಾನು ತುಳಿದ್ರೆ ನಿಮ್ಮ ಕಾಲು ತಾನಾಗೇ ತಿರುಗುತ್ತೆ."

ಯಜಮಾನರು ಹೆಂಡತಿಯ ಮುಖವನ್ನೇ ನೋಡಿದರು. "ಇದೆಲ್ಲಾ ನಿಂಗೆ ಹೇಗ್ ಗೊತ್ತು?"

"ಇಪ್ಪತ್ತು ವರ್ಷದಿಂದ ಇಲ್ಲಿಗೆ ಬರ್ತಿದೀವಲ್ಲ. ನನ್ನ ಕಾಲು ತಿರುಗಿದ್ದೆಲ್ಲಾ ಹಾಗೇನೇ."

"ಅಂದ್ರೆ, ಇಷ್ಟು ವರ್ಷ ನಾನೊಬ್ನೇ...?"

"ಹೂಂ. ನೀವು ಬೆವರು ಒರೆಸ್ಕೊಂಡು, 'ನೋಡು, ಇಬ್ರೂ ಸೇರಿ ಎಷ್ಟು ದೂರ ಬಂದ್ವಿ' ಅಂತಿದ್ರಿ. ಹೇಳೋಕೆ ಮನಸ್ಸೇ ಬರ್ತಿರ್ಲಿಲ್ಲ."

ಜಾಕೆಟ್ಟಿನ ಹೆಂಗಸು ನಗು ನುಂಗಿಕೊಂಡು ಯಜಮಾನರ ಕೋಲನ್ನು ಇಸಿದುಕೊಂಡಳು, ಕೈ ಹಿಡಿದು ಇಬ್ಬರನ್ನೂ ದೋಣಿಗೆ ಹತ್ತಿಸಿದಳು. ದೋಣಿ ಕಟ್ಟೆ ಬಿಟ್ಟು ಬಿದಿರು ಮೆಳೆಯ ಕಡೆ ಹೊರಟಿತು. ನಾಲ್ಕು ಮಂಡಿಗಳೂ ಒಂದೇ ಲಯದಲ್ಲಿ ಏರಿ ಇಳಿಯುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಯಜಮಾನರು ಕರ್ಚೀಫು ತೆಗೆದು ಹಣೆ ಒರೆಸಿಕೊಳ್ಳುವುದು ಕಂಡಿತು.

"ಮೆಲ್ಲಗೆ ತುಳಿಯೇ," ಎಂದು ಅವರ ದನಿ ನೀರಿನ ಮೇಲೆ ತೇಲಿಬಂತು. "ನಂಗೆ ಸುಸ್ತಾಗ್ತಿದೆ!"