ಲಿಬೊರಿಯೊನ ಬಾಯಾರಿಕೆ

ಇತಾಗುವಾ ಊರಿನ ಕೆಂಪು ದಾರಿಗಳೆಲ್ಲ ಮಧ್ಯಾಹ್ನದಿಂದಲೇ ಕಾಲುವೆಗಳಾಗಿದ್ದವು. ಮಳೆಗೆ ಸಿಕ್ಕಿ ಉಳಿದ ನೆರೆಯವರೂ ಮೊಮ್ಮಕ್ಕಳೂ ಸೆಫೆರಿನಾ ಅಜ್ಜಿಯ ಜಗಲಿಯಲ್ಲಿ ಒತ್ತೊತ್ತಾಗಿ ಕೂತಿದ್ದರು. ಬಿಸಿ ಚಿಪಾ ರೊಟ್ಟಿಯ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಮೂಲೆಯಲ್ಲಿದ್ದ ಮಣ್ಣಿನ ಹರವಿಯ ಕಡೆ ನೆರೆಮನೆಯ ಪಾಂಚಾ ಲೋಟ ಹಿಡಿದು ಹೊರಟಾಗ ಅಜ್ಜಿ ತಡೆದಳು.

"ಅದು ಬೇಡ ಕಣೇ, ಬಾವಿಯದು ಕುಡಿ. ಅದು ಲಿಬೊರಿಯೊಂದು."

"ಯಾರಜ್ಜಿ ಅವನು, ನಿನ್ನ ಹಳೇ ಗೆಳೆಯನಾ?"

"ನನಗೆಲ್ಲಿತ್ತೇ ಅಷ್ಟು ಅದೃಷ್ಟ? ನಮ್ಮ ಚಿಕ್ಕಮ್ಮ ಎಪಿಫಾನಿಯಾಳಿಗೆ ಗೊತ್ತಾಗಿದ್ದ ಹುಡುಗ." ನಗುತ್ತಲೇ ಅಜ್ಜಿಯ ಮುಖ ಇಳಿಯಿತು. ಜಪಮಣಿಯನ್ನು ಬೆರಳಿಗೆ ಸುತ್ತಿಕೊಂಡು, ದೇವರ ಪದ ಹೇಳುವ ಧಾಟಿಯಲ್ಲಿ ಶುರುಮಾಡಿದಳು.

"ಚಾಕೊ ಯುದ್ಧದ ಕಾಲ... ಚಾಕೊ ಅಂದರೆ ನದಿಯಾಚೆಯ ಮುಳ್ಳುಕಾಡು, ನೀವು ಕಂಡಿಲ್ಲ. ಗುಂಡು ತಗಲದೆ, ಬರೀ ನೀರಿಲ್ಲದೆ ಸತ್ತವರು ಅಲ್ಲಿ ಎಷ್ಟು ಜನವೋ. ಲಿಬೊರಿಯೊ ಶಿಬಿರದಿಂದ ಚಿಕ್ಕಮ್ಮನಿಗೆ ಬರೀತಿದ್ದ, ಮದ್ದಿನ ಪೆಟ್ಟಿಗೆ ಮೇಲೆ ಕಾಗದ ಇಟ್ಕೊಂಡು. ಪ್ರೀತಿ ಗೀತಿ ಏನೂ ಇಲ್ಲ, ಬರೀ ನೀರಿನ ಮಾತು. 'ಎಪಿ, ಇವತ್ತೂ ನೀರಿನ ಲಾರಿ ಬರಲಿಲ್ಲ. ಗೆಡ್ಡೆ ಅಗೆದು ಹಿಂಡಿ ನಾಲಿಗೆ ಒದ್ದೆ ಮಾಡ್ಕೊಂಡ್ವಿ. ನಿಮ್ಮನೆ ಹರವಿ ತಣ್ಣಗಿದೆಯಾ? ನಾನು ಬಂದ ದಿನ ಮೊದಲು ಒಂದು ಚೊಂಬು ಎತ್ತಿಕೊಡು, ಆಮೇಲೆ ಮದುವೆ ಮಾತು.' ಅವಳು ದಾರದ ಲೇಸ್ ಹೆಣೀತಾ ನಗೋಳು: 'ಇವನು ಒಲಿದದ್ದು ನನಗೋ, ಈ ಹರವಿಗೋ?'

"ಒಂದು ದಿನ ಫಕುಂದೊ ಬಂದ. ಲಿಬೊರಿಯೊನ ಜೊತೆಗೇ ಇದ್ದ ಸಿಪಾಯಿ, ಒಂದು ಕೈ ಕಳ್ಕೊಂಡು ವಾಪಸಾದೋನು. ಲಿಬೊರಿಯೊನ ತಾಯಿ ಉಬಾಲ್ದಾಳ ಅಂಗಳದಲ್ಲಿ ನಿಂತು ಟೋಪಿ ತೆಗೆದ. 'ಬಾಯಾರಿ ಹೋದ, ಅಮ್ಮಾ. ನಾನೇ ಮಣ್ಣು ಹಾಕಿದೆ' ಅಂದ. ತಾಯಿ ಏನ್ಮಾಡಿಯಾಳು? ನಾವೆಲ್ಲ ಮಾಡೋದನ್ನೇ ಮಾಡಿದಳು. ಒಂಬತ್ತು ದಿನದ ಪ್ರಾರ್ಥನೆಗೆ ಪೀಠ ಕಟ್ಟಿ, ದೀಪ ಹಚ್ಚಿ, ಹೋದ ಜೀವ ಕುಡೀಲಿ ಅಂತ ಒಂದು ಲೋಟ ನೀರಿಟ್ಟಳು. ಸತ್ತವರಿಗೆ ಆಕಾಶದ ನೀರು ಸೇರಲ್ಲ ಮಕ್ಕಳೇ, ಬೇಕಾದವರು ಕೈಯಾರೆ ಇಟ್ಟದ್ದೇ ಆಗಬೇಕು. ಒಂಬತ್ತು ದಿನ ಕುಡಿದು, ದಣಿವಾರಿಸ್ಕೊಂಡು, ಅದು ತನ್ನ ದಾರಿ ಹಿಡಿಯುತ್ತೆ.

"ಪ್ರಾರ್ಥನೆಯ ಮೊದಲ ದಿನವೇ ಎಪಿಗೆ ಕಾಗದ ಬಂತು. ಅವನದೇ ಅಕ್ಷರ. 'ಹೊರಟಿದ್ದೀನಿ ಎಪಿ, ನೀರಿಟ್ಟಿರು.' ತಾರೀಕು ನೋಡಿದರೆ... ಫಕುಂದೊ ಮಣ್ಣು ಹಾಕಿದ ಮೇಲಿನದು.

"ಎಪಿ ಓಡಿಬಂದಳು. 'ಬರ್ತಿರೋನಿಗೆ ಸತ್ತವರ ನೀರಿಡ್ತೀಯಾ? ದಾರೀಲೇ ಸಾಯ್ತಾನೆ' ಅಂತ ಲೋಟ ಎತ್ತಿ ಅಂಗಳಕ್ಕೆ ಚೆಲ್ಲಿದಳು. 'ನನ್ನ ಮಗ ಬಾಯಾರಿ ಹೋದೋನು ಕಣೇ, ಕುಡಿಯಕ್ಕೆ ಬಿಡೇ' ಅಂತ ತಾಯಿ ಅವಳ ಕಾಲು ಹಿಡಿದಳು. ಕೇಳ್ತಾಳಾ? ಒಂಬತ್ತು ದಿನವೂ ಪೀಠದ ಮುಂದೆ ಕಾವಲು ಕೂತಳು, ಯಾರಿಗೂ ನೀರಿಡಗೊಡಲಿಲ್ಲ. ಪ್ರೀತಿ ಕಣ್ರೇ... ಅಷ್ಟು ಪ್ರೀತಿ ಇಲ್ಲದಿದ್ದರೆ ಅವನು ಕುಡಿದು ಹೋಗ್ತಿದ್ದ.

"ಪ್ರಾರ್ಥನೆ ಮುಗಿದ ಮಾರನೇ ಬೆಳಿಗ್ಗೆ ಅವಳ ಹರವಿ ಬರಿದು. ಬಿರುಕಿಲ್ಲ, ಸೋರಿಲ್ಲ. ತಳದಲ್ಲಿ ಮಾತ್ರ ಬೂದು ಬಣ್ಣದ ಧೂಳು. ನಮ್ಮೂರಲ್ಲಿ ಎಲ್ಲಿ ಅಗೆದರೂ ಕೆಂಪು ಮಣ್ಣೇ ಅಲ್ಲವಾ? ಫಕುಂದೊ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ, 'ಇದು ಚಾಕೊದ ಮಣ್ಣು' ಅಂತ ಶಿಲುಬೆ ಗುರುತು ಹಾಕ್ಕೊಂಡ.

"ಆಮೇಲೆ ಅವಳೇ ಪೀಠ ಕಟ್ಟಿದಳು, ಲೋಟ ಇಟ್ಟಳು, ಅತ್ತು ಕರೆದಳು. ಲೋಟದಿಂದ ಒಂದು ಹನಿ ಇಳಿಯಲಿಲ್ಲ. ಒಂಬತ್ತು ದಿನ ಕಳೆದು ಮುಚ್ಚಿದ ಬಾಗಿಲನ್ನ ತೆಗೆಯೋರು ಯಾರು? ಮುದುಕಿಯಾಗಿ ಸಾಯೋವರೆಗೂ ಹರವಿ ತುಂಬಿಸ್ತಾ ಹೋದಳು, ಅವನು ಕುಡೀತಾ ಹೋದ... ದಾಹ ಮಾತ್ರ ಹಾಗೇ. ಅವಳಾದ ಮೇಲೆ ಹರವಿ ನನ್ನ ಪಾಲಿಗೆ ಬಂತು."

"ಸುಮ್ನೆ ಹೆದರಿಸಬೇಡ" ಎನ್ನುತ್ತ ಪಾಂಚಾ ಎದ್ದು ಹರವಿಯೊಳಗೆ ಕೈ ಇಳಿಬಿಟ್ಟಳು. ತೋಳಿನವರೆಗೂ ಹೋದ ಕೈ ಒಣಗಿಯೇ ಹೊರಬಂತು. ಬೆರಳ ತುದಿಗೆ ಬೂದು ಧೂಳು ಮೆತ್ತಿತ್ತು.

"ಮಳೆ ಹಿಡಿಯೋ ಮುಂಚೆ ತಾನೇ ತುಂಬಿಸಿದ್ದೆ" ಎಂದಳು ಅಜ್ಜಿ, ಮೆಲ್ಲಗೆ. "ನನ್ನ ಕೈಲಿ ಇನ್ನು ಕೊಡ ಎತ್ತೋದು ಆಗಲ್ಲ ಅಂತ ಅವನಿಗೂ ಗೊತ್ತಾಗಿದೆ. ಈ ನಡುವೆ ಬಂದರೆ ಹರವಿ ಹತ್ತಿರ ಮಾತ್ರ ನಿಲ್ಲಲ್ಲ... ಕೂತವರ ಬೆನ್ನ ಹಿಂದೆ ಒಂದು ಸುತ್ತು ಬಂದು, ಒಬ್ಬೊಬ್ಬರ ಕೈಯನ್ನೇ ನೋಡ್ತಾ ನಿಲ್ತಾನೆ. ಈಗ ನಿಂತಿದ್ದಾನಲ್ಲ, ಹಾಗೆ."